ನೆಟ್‌ವರ್ಕ್ ಸಾಫ್ಟ್‌ವೇರ್ ಕಂಪನಿನ ಕೊಂಡ್ಕೊಳ್ಳೋದಾ, ಲೈಸೆನ್ಸ್ ತಗೊಳ್ಳೋದಾ, ನಾವೇ ಕಟ್ಕೊಳ್ಳೋದಾ? ಕಂಪ್ಯೂಟರ್ ಮಾಡಿ ಮಾರೋರಿಗೆ ಒಂದು ಹೋಲಿಕೆ

ಹಾಸನದಲ್ಲಿ ಸ್ವಂತ ಹೆಸರು ಹಾಕಿ ಡೆಸ್ಕ್‌ಟಾಪು, ಸಣ್ಣ ಸರ್ವರು ಅಸೆಂಬಲ್ ಮಾಡಿ ಮಾರೋ ಅಣ್ಣ ಒಬ್ರು ಇದಾರೆ. ಕಾಲೇಜ್ ಲ್ಯಾಬು, ಸಹಕಾರಿ ಸೊಸೈಟಿ, ನರ್ಸಿಂಗ್ ಹೋಮು ಇವೇ ಅವ್ರ ಗಿರಾಕಿಗಳು. ಈಗ ಅವ್ರು ತಲೆಗೆ ಒಂದು ಹುಳ ಬಿಟ್ಕೊಂಡಿದಾರೆ. ಚಿಕ್ಕಮಗಳೂರಲ್ಲಿ ಕೆಲವು ಹುಡುಗ್ರು ಸೇರ್ಕೊಂಡು ಹೋಮ್‌ಸ್ಟೇ, ಪಿಜಿ, ಹಾಸ್ಟೆಲ್‌ಗಳಿಗೆ ಅಂತ ಒಂದು ಸಾಫ್ಟ್‌ವೇರ್ ಮಾಡಿದಾರೆ, ಮೊಬೈಲ್ ನಂಬರ್ ಹಾಕಿ ಓಟಿಪಿ ಕೊಟ್ರೆ ವೈಫೈ ಬಿಡೋದು, ರೂಮಿಗಿಷ್ಟು ಅಂತ ಸ್ಪೀಡ್ ಹಂಚೋದು, ಫೈಬರ್ ಕಟ್ಟಾದ್ರೆ ತಾನೇ ಇನ್ನೊಂದು ಲೈನಿಗೆ ಹೋಗೋದು, ಹಿಂಗೆ. ಆ ಕಂಪನಿನೇ ಕೊಂಡ್ಕೊಂಡು ತಮ್ಮ ಡಬ್ಬದೊಳಗೆ ಹಾಕಿ ಮಾರಿದ್ರೆ ಹೆಂಗೆ ಅನ್ನೋದು ಇವ್ರ ಯೋಚನೆ.

ಐಡಿಯಾ ಏನೂ ಕೆಟ್ಟದಲ್ಲ. ಬರೀ ಡಬ್ಬ ಮಾರಿ ಬದುಕೋ ಕಾಲ ಹೋಯ್ತು, ಗಿರಾಕಿ ಅಂಗಡೀಲಿ ನಿಂತ್ಕೊಂಡೇ ಫೋನಲ್ಲಿ ಆನ್‌ಲೈನ್ ರೇಟ್ ನೋಡಿ ನಮ್ಮ ಮುಖ ನೋಡ್ತಾನೆ. ಸಾಫ್ಟ್‌ವೇರ್ ಇದ್ರೆ ವರ್ಷ ವರ್ಷ ದುಡ್ಡು ಬರುತ್ತೆ, ಪಕ್ಕದ ಅಂಗಡಿಯವನ ಹತ್ರ ಇಲ್ಲದ್ದು ನಮ್ಮ ಹತ್ರ ಇರುತ್ತೆ. ಎಲ್ಲಾ ಸರಿ. ಆದ್ರೆ ಕೊಂಡ್ಕೊಳ್ಳೋದೊಂದೇ ದಾರಿ ಅಲ್ಲ, ಲೈಸೆನ್ಸ್ ಮೇಲೆ ತಗೋಬಹುದು, ಓಪನ್ ಸೋರ್ಸ್ (ಸೋರ್ಸ್ ಕೋಡ್ ಅಂದ್ರೆ ಒಳಗಿನ ಬರವಣಿಗೆ ಎಲ್ಲರಿಗೂ ತೆರೆದಿರೋ ಸಾಫ್ಟ್‌ವೇರ್) ಇಟ್ಕೊಂಡು ನಾವೇ ಕಟ್ಕೋಬಹುದು, ಸ್ವಲ್ಪ ಪಾಲು ತಗೊಂಡು ಸುಮ್ನಿರಬಹುದು. ಇದ್ರಲ್ಲಿ ಯಾವುದು ಅಂತ ತೀರ್ಮಾನ ಮಾಡೋಕೆ ನನ್ನ ಪ್ರಕಾರ ಒಂದು ಪ್ರಶ್ನೆ ಕೇಳ್ಕೊಂಡ್ರೆ ಮುಕ್ಕಾಲು ಕೆಲಸ ಮುಗೀತು: ಈ ಸಾಫ್ಟ್‌ವೇರಿಗೆ ಬೆಲೆ ಬಂದಿರೋದು ಅದು ಯಾರ ಮೆಷಿನ್ ಮೇಲೆ ಬೇಕಾದ್ರೂ ಓಡುತ್ತೆ ಅಂತಾನಾ? ಹೌದು ಅಂದ್ರೆ, ನೀವು ಕೊಂಡ್ಕೊಂಡ ದಿನಾನೇ ಆ ಬೆಲೆ ಇಳಿಯೋಕೆ ಶುರುವಾಗುತ್ತೆ.

ದೊಡ್ಡೋರು ಏನ್ ಮಾಡಿದ್ರು

ನೊವೆಲ್ ಅಂತ ಒಂದು ಕಂಪನಿ, ಅಮೆರಿಕದ ಯೂಟಾದ್ದು, ಹಳೇ ಕಂಪ್ಯೂಟರ್ ಲ್ಯಾಬ್ ನೋಡಿದೋರಿಗೆ ಕಂಪ್ಯೂಟರ್‌ಗಳನ್ನ ಒಂದಕ್ಕೊಂದು ಜೋಡಿಸೋ ಅವ್ರ ನೆಟ್‌ವೇರ್ ಸಾಫ್ಟ್‌ವೇರ್ ಹೆಸರು ನೆನಪಿರುತ್ತೆ. ತಮಾಷೆ ಏನಂದ್ರೆ ಇವ್ರು ಶುರುವಾಗಿದ್ದೇ ಕಂಪ್ಯೂಟರ್ ಮಾಡೋ ಕಂಪನಿಯಾಗಿ. ಆ ವ್ಯಾಪಾರ ಕೈ ಹತ್ತಲಿಲ್ಲ. 1983ರಲ್ಲಿ ರೇ ನೂರ್ಡಾ ಮುಖ್ಯಸ್ಥರಾಗಿ ಬಂದ್ಮೇಲೆ ಕಂಪನಿಯ ಜೀವ ಸಾಫ್ಟ್‌ವೇರ್ ಕಡೆಗೆ ಹೊರಳ್ತು. ಮೊದ್ಲು ತಮ್ಮದೇ ಸರ್ವರ್ ಮೇಲೆ ಓಡ್ತಿದ್ದ ನೆಟ್‌ವೇರ್‌ನ ಆಮೇಲೆ ಮಾಮೂಲಿ ಪಿಸಿ ಮೇಲೂ ಓಡೋ ಹಂಗೆ ಮಾಡಿದ್ರು, ಯಾವ ಕಂಪನಿ ಪಿಸಿ ಆದ್ರೂ ಸರಿ ಅಂದ್ರು, ಅಲ್ಲಿಂದ ಅದು ಊರೂರಿಗೆ ಹರಡ್ತು. ಅಂದ್ರೆ ನೆಟ್‌ವರ್ಕ್ ಸಾಫ್ಟ್‌ವೇರ್ ದುಡ್ಡು ಮಾಡಿದ್ದು ಡಬ್ಬಕ್ಕೆ ಅಂಟ್ಕೊಂಡಿದ್ದಾಗ ಅಲ್ಲ, ಡಬ್ಬದಿಂದ ಬಿಡಿಸ್ಕೊಂಡ ಮೇಲೆ.

ಮುಂದೆ ಮೈಕ್ರೋಸಾಫ್ಟ್‌ನ ವಿಂಡೋಸ್ ಎನ್‌ಟಿ ಬಂದು ನೆಟ್‌ವೇರ್ ಸೊರಗ್ತು. ನೊವೆಲ್‌ನೋರು 21 ಕೋಟಿ ಡಾಲರ್ ಕೊಟ್ಟು ಸೂಸೆ ಅನ್ನೋ ಲಿನಕ್ಸ್ (ವಿಂಡೋಸ್ ಥರದ, ಆದ್ರೆ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್) ಕಂಪನಿನ ಕೊಂಡ್ಕೊಂಡ್ರು, ಆ ವ್ಯವಹಾರ 2004ರ ಜನವರೀಲಿ ಮುಗೀತು. ಅದೇ ವರ್ಷ ಸನ್ ಮೈಕ್ರೋಸಿಸ್ಟಮ್ಸ್‌ನ ಜೊನಾಥನ್ ಶ್ವಾರ್ಟ್ಸ್ ನೊವೆಲ್‌ನ ಕೊಂಡ್ಕೊಳ್ಳೋ ಮಾತು ಬಹಿರಂಗವಾಗೇ ಆಡಿದ್ರು. ಸನ್ ಅಂದ್ರೆ ಸರ್ವರ್ ಮಾಡೋ ಕಂಪನಿ, ಮೈಕ್ರೋಸಾಫ್ಟ್ ಜೊತೆ ರಾಜಿಯಾಗಿ ಆಗಷ್ಟೇ ಹತ್ತತ್ರ 200 ಕೋಟಿ ಡಾಲರ್ ಕೈ ಸೇರಿತ್ತು. ಅವ್ರ ಲೆಕ್ಕ ಏನಿತ್ತಂದ್ರೆ, ಐಬಿಎಂ ತನ್ನ ಸರ್ವರ್ ಮೇಲೆ ಸೂಸೆನ ನೆಚ್ಕೊಂಡಿದೆ, ಸೂಸೆ ನಮ್ಮ ಕೈಲಿದ್ರೆ ಐಬಿಎಂ ಜುಟ್ಟು ನಮ್ಮ ಕೈಲಿದ್ದ ಹಂಗೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಲಿನಕ್ಸ್ ಓಪನ್ ಸೋರ್ಸು, ಜುಟ್ಟು ಹಿಡಿದ್ರೆ ಐಬಿಎಂನೋರು ಸುಮ್ನೆ ಇನ್ನೊಂದು ಲಿನಕ್ಸ್ ಕಂಪನಿ ರೆಡ್ ಹ್ಯಾಟ್ ಕಡೆ ಹೊರಟೋಗ್ತಿದ್ರು. ಎದುರಾಳಿನ ಕಟ್ಟಾಕೋಕೆ ಅಂತ ಕಂಪನಿ ಕೊಂಡ್ಕೊಂಡ್ರೆ ಆಗೋದು ಇಷ್ಟೇ, ಎದುರಾಳಿ ಹೋಗ್ತಾನೆ, ಖರ್ಚಿನ ಬಿಲ್ ನಿಮ್ಮ ಹತ್ರ ಉಳಿಯುತ್ತೆ. ಆ ವ್ಯಾಪಾರ ನಡೀಲಿಲ್ಲ ಬಿಡಿ. 2010ರಲ್ಲಿ ಸನ್ ಒರಾಕಲ್ ಪಾಲಾಯ್ತು, 2011ರಲ್ಲಿ ನೊವೆಲ್ ಅಟ್ಯಾಚ್‌ಮೇಟ್ ಪಾಲಾಯ್ತು. ಐಬಿಎಂ 2019ರಲ್ಲಿ 3400 ಕೋಟಿ ಡಾಲರ್ ಕೊಟ್ಟು ರೆಡ್ ಹ್ಯಾಟ್‌ನೇ ತಗೊಳ್ತು, ಆದ್ರೆ ಜಾಣತನದಿಂದ ಅದನ್ನ ಬೇರೇನೇ ಇಟ್ಟಿದೆ, ಇವತ್ತಿಗೂ ಅದು ಡೆಲ್ ಮೇಲೂ ಓಡುತ್ತೆ ಲೆನೊವೊ ಮೇಲೂ ಓಡುತ್ತೆ.

ಕೊಂಡ್ಕೊಂಡ್ರೆ ಏನ್ ಸಿಗುತ್ತೆ, ಏನ್ ಹೋಗುತ್ತೆ

ನಮ್ಮ ಅಣ್ಣನ ಕೇಸಿಗೆ ತುಂಬಾ ಹತ್ತಿರ ಇರೋದು ಕ್ಯುಮುಲಸ್ ನೆಟ್‌ವರ್ಕ್ಸ್ ಕಥೆ. ನೆಟ್‌ವರ್ಕ್ ಸ್ವಿಚ್‌ಗಳಿಗೆ (ಹಲವು ಕಂಪ್ಯೂಟರ್‌ಗಳನ್ನ ಕೇಬಲ್‌ನಿಂದ ಜೋಡಿಸೋ ಡಬ್ಬ) ಲಿನಕ್ಸ್ ಮಾಡ್ತಿದ್ದ ಕಂಪನಿ, ಬೇರೆ ಬೇರೆ ಕಂಪನಿಗಳ ಸ್ವಿಚ್ ಮೇಲೆ ಓಡುತ್ತೆ ಅನ್ನೋದೇ ಅದ್ರ ದೊಡ್ಡ ಮಾರಾಟದ ಮಾತಾಗಿತ್ತು. 2020ರಲ್ಲಿ ಎನ್ವಿಡಿಯಾ ಅದನ್ನ ಕೊಂಡ್ಕೊಳ್ತು, ಅದೇ ವರ್ಷ ಸ್ವಿಚ್ ಚಿಪ್ ಮಾಡೋ ಮೆಲನಾಕ್ಸ್‌ನೂ ತಗೊಂಡಿತ್ತು. ಆಮೇಲೆ ಬ್ರಾಡ್‌ಕಾಮ್ ಚಿಪ್ ಇರೋ ಸ್ವಿಚ್‌ಗಳಿಗೆ ಹೊಸ ವರ್ಷನ್ ಬರೋದು ನಿಂತೋಯ್ತು, ಎನ್ವಿಡಿಯಾದ್ದೇ ಚಿಪ್ ಬೇಕು. ಎನ್ವಿಡಿಯಾಗೆ ನಷ್ಟ ಏನಿಲ್ಲ, ಅವ್ರಿಗೆ ಬೇಕಿದ್ದಿದ್ದು ಆ ಇಂಜಿನಿಯರ್‌ಗಳು ಮತ್ತೆ ತಮ್ಮ ಚಿಪ್‌ಗೆ ಒಂದು ಒಳ್ಳೇ ಸಾಫ್ಟ್‌ವೇರು. ಅವ್ರ ಚಿಪ್ಪಿನ ವ್ಯಾಪಾರ ಅಷ್ಟು ದೊಡ್ಡದು, ಹಳೇ ಗಿರಾಕಿಗಳು ಹೋದ್ರೆ ಹೋಗ್ಲಿ ಅನ್ನಬಹುದು. ಹಾಸನದಲ್ಲಿ ಕೂತು ಆ ಮಾತು ಅನ್ನೋಕಾಗುತ್ತಾ?

ಚಿಕ್ಕಮಗಳೂರಿನ ಹುಡುಗ್ರ ಸಾಫ್ಟ್‌ವೇರು ಓಡ್ತಿರೋದು ಎಲ್ಲಿ ನೋಡಿ. ಯಾರ್ಯಾರದೋ ಹಳೇ ಪಿಸಿ, ಯಾವ್ದೋ ಮಿನಿ ಪಿಸಿ, ಮೈಕ್ರೋಟಿಕ್ ರೂಟರು, ಏನಿದ್ರೆ ಅದು. ಇದಕ್ಕೆ ಕಾರಣ ಇದೆ. ಮಲೆನಾಡಲ್ಲಿ ಮಳೆಗಾಲ ಬಂತು ಅಂದ್ರೆ ಸಿಡಿಲಿಗೆ ಪೋರ್ಟ್ ಸುಟ್ಟೋಗೋದು, ಅಡಾಪ್ಟರ್ ಹೋಗೋದು ಮಾಮೂಲು. ಮೂಡಿಗೆರೆ ಆಚೆ ಎಸ್ಟೇಟ್ ಒಳಗಿರೋ ಹೋಮ್‌ಸ್ಟೇಯೋರು ಶನಿವಾರ ರಾತ್ರಿ ಬೆಂಗಳೂರಿಂದ ಬಂದ ಗೆಸ್ಟ್‌ಗಳನ್ನ ಕೂರಿಸ್ಕೊಂಡು ಹಾಸನದಿಂದ ಡಬ್ಬ ಬರೋವರೆಗೂ ಕಾಯೋಕಾಗಲ್ಲ, ಮೂಲೇಲಿ ಬಿದ್ದಿರೋ ಹಳೇ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಹಾಕಿ ಬ್ಯಾಕಪ್ ರಿಸ್ಟೋರ್ ಮಾಡಿ ಓಡಿಸ್ಕೋತಾರೆ. ಆ ಸಾಫ್ಟ್‌ವೇರಿಗೆ ಜನ ದುಡ್ಡು ಕೊಡ್ತಿರೋದೇ ಇದಕ್ಕೆ. ಇದನ್ನ ಕೊಂಡ್ಕೊಂಡು 'ಇನ್ಮೇಲೆ ನಮ್ಮ ಡಬ್ಬದಲ್ಲಿ ಮಾತ್ರ' ಅಂದ್ರೆ ಕೊಂಡಿದ್ದು ಏನು?

ಸರಿ, ನಾವು ಹಂಗೆ ಅನ್ನಲ್ಲ, ಎಲ್ಲಾ ಮೆಷಿನ್ ಮೇಲೂ ಓಡೋಕೆ ಬಿಡ್ತೀವಿ ಅಂತ ಅಣ್ಣ ಹೇಳ್ತಾರೆ. ಅವ್ರು ಹೇಳೋದು ನಿಜಾನೇ ಇರಬಹುದು, ಆದ್ರೆ ಚಿಕ್ಕಮಗಳೂರಲ್ಲಿ ಕಡೂರಲ್ಲಿ ಸಕಲೇಶಪುರದಲ್ಲಿ ಈ ಸಾಫ್ಟ್‌ವೇರ್‌ನ ತಮ್ಮ ಗಿರಾಕಿಗಳಿಗೆ ಹೇಳಿ ಹಾಕಿಸ್ತಿರೋ ಬೇರೆ ಅಂಗಡಿಯೋರು ನಂಬಬೇಕಲ್ಲ. ಲಾಗಿನ್ ಪೇಜು ಹಾಸನದ ಡೀಲರ್‌ದು, ಗಿರಾಕಿ ಲಿಸ್ಟು ಹಾಸನದ ಡೀಲರ್ ಕೈಲಿ, ನಾಳೆ ನನ್ನ ಗಿರಾಕಿಗೇ ಫೋನ್ ಮಾಡಿ ಕಂಪ್ಯೂಟರ್ ಕೋಟ್ ಮಾಡ್ತಾನೆ ಅಂತ ಯಾರಾದ್ರೂ ಯೋಚಿಸ್ತಾರೆ. ನಾನಾದ್ರೂ ಯೋಚಿಸ್ತೀನಿ.

ಕೊಂಡ್ಕೊಂಡು ಗೆದ್ದೋರು ಇಲ್ವಾ ಅಂದ್ರೆ ಇದಾರೆ. ಎಚ್‌ಪಿ 2015ರಲ್ಲಿ ಸುಮಾರು 270 ಕೋಟಿ ಡಾಲರ್‌ಗೆ ಅರೂಬಾ ನೆಟ್‌ವರ್ಕ್ಸ್ ತಗೊಳ್ತು. ಅರೂಬಾ ಪೂರ್ತಿ ಸಾಫ್ಟ್‌ವೇರ್ ಕಂಪನಿ ಏನಲ್ಲ, ವೈಫೈ ಡಬ್ಬ ತಾನೇ ಮಾಡೋದು, ಹಂಗಾಗಿ ಯಾರ ಡಬ್ಬ ಅನ್ನೋ ಜಗಳ ಅಲ್ಲಿ ಏಳಲೇ ಇಲ್ಲ. ಇನ್ನೊಂದು ಏನಂದ್ರೆ ಎಚ್‌ಪಿಯೋರು ಅರೂಬಾನ ತಮ್ಮೊಳಗೆ ಕರಗಿಸ್ಲಿಲ್ಲ, ತಮ್ಮ ಹಳೇ ನೆಟ್‌ವರ್ಕಿಂಗ್ ವಿಭಾಗಾನ ಅರೂಬಾದೋರ ಕೈಗೆ ಕೊಟ್ರು, ನೀವೇ ನಡೆಸಿ ಅಂತ. ಅರೂಬಾ ಕಟ್ಟಿದೋರಲ್ಲಿ ಒಬ್ರಾದ ಕೀರ್ತಿ ಮೇಲ್ಕೋಟೆ ಆಮೇಲೂ ವರ್ಷಗಟ್ಟಲೆ ಅಲ್ಲೇ ಇದ್ರು. ಕೊಂಡೋರು ಬಂದು ಕೊಂಡ ಕಂಪನಿಯೋರ ಕೈ ಕೆಳಗೆ ಕೂರೋದು ಅಂದ್ರೆ ಸಣ್ಣ ಮಾತಲ್ಲ. ನಮ್ಮ ಕಡೆ ಮಾಲೀಕ್ರು ಯಾರಾದ್ರೂ ಇಪ್ಪತ್ತಾರು ವರ್ಷದ ಹುಡುಗನ್ನ ಕೂರಿಸಿ 'ಸರ್ವಿಸ್ ಡಿಪಾರ್ಟ್‌ಮೆಂಟ್ ನೀನೇ ನೋಡ್ಕೋ' ಅಂತಾರಾ, ಅನ್ನೋರಿದ್ರೆ ಕೊಂಡ್ಕೊಳ್ಳಿ, ನನ್ನ ಅಡ್ಡಿ ಇಲ್ಲ.

ಒಂದು ಲೆಕ್ಕ

ಅಂಕಿ ಎಲ್ಲಾ ಉದಾಹರಣೆಗೆ ಹಾಕ್ಕೊಂಡಿದ್ದು, ನಿಮ್ಮ ಅಂಕಿ ಹಾಕಿ ನೋಡ್ಕೊಳ್ಳಿ. ಕಂಪನಿ ಬೆಲೆ 40 ಲಕ್ಷ ಅನ್ಕೊಳ್ಳಿ, ಸಾಲಕ್ಕೆ 12% ಬಡ್ಡಿ ಅಂದ್ರೆ ವರ್ಷಕ್ಕೆ 4.8 ಲಕ್ಷ, ಅಸಲಿನ ಮಾತು ಆಮೇಲೆ. ಇಬ್ರು ಹುಡುಗ್ರು ಉಳ್ಕೊಂಡ್ರೆ ತಿಂಗಳಿಗೆ ತಲಾ 40 ಸಾವಿರ, ವರ್ಷಕ್ಕೆ 9.6 ಲಕ್ಷ. ಎರಡೂ ಸೇರಿ 14.4 ಲಕ್ಷ ಖರ್ಚು. ಆದಾಯ, 60 ಗಿರಾಕಿ ತಲಾ 12 ಸಾವಿರ ಎಎಂಸಿ (ವರ್ಷದ ನಿರ್ವಹಣೆ ಶುಲ್ಕ) ಅಂದ್ರೆ 7.2 ಲಕ್ಷ. ಅಲ್ಲಿಗೆ ವರ್ಷಕ್ಕೆ 7.2 ಲಕ್ಷ ಕೈಯಿಂದ ಹಾಕ್ಬೇಕು.

ಅದೇ ಸಾಫ್ಟ್‌ವೇರ್‌ನ ಡಬ್ಬಕ್ಕೆ 3 ಸಾವಿರದ ಲೆಕ್ಕದಲ್ಲಿ ಲೈಸೆನ್ಸ್ ತಗೊಂಡ್ರೆ? ವರ್ಷಕ್ಕೆ 240 ಡಬ್ಬ ಮಾರಿದ್ರೆ ಮಾತ್ರ ಲೈಸೆನ್ಸ್ ಖರ್ಚು 7.2 ಲಕ್ಷ ಮುಟ್ಟುತ್ತೆ. ಅದಕ್ಕಿಂತ ಕಮ್ಮಿ ಮಾರೋರಿಗೆ ಲೈಸೆನ್ಸೇ ಅಗ್ಗ. ಈಗ ಮೇಲೆ ಹೇಳಿದ ನಂಬಿಕೆ ವಿಷಯ ಸೇರಿಸಿ, ಬೇರೆ ಅಂಗಡಿಯೋರು ಕೈಬಿಟ್ಟು ಅರ್ಧ ಗಿರಾಕಿಗಳು ಹೋದ್ರು ಅನ್ಕೊಳ್ಳಿ, ಆದಾಯ 3.6 ಲಕ್ಷಕ್ಕೆ ಇಳೀತು, ಕೈಯಿಂದ ಹಾಕೋದು 10.8 ಲಕ್ಷ ಆಯ್ತು, ಈಗ 360 ಡಬ್ಬ ಮಾರ್ಬೇಕು ಬರೀ ಸಮ ಮಾಡೋಕೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಸೇರಿಸಿದ್ರೂ ಇಂಥ ಡಬ್ಬ ವರ್ಷಕ್ಕೆ 360 ಮಾರೋದು ಹುಡುಗಾಟ ಅಲ್ಲ, ಅದೂ ಹೋಮ್‌ಸ್ಟೇಯೋರು ದುಡ್ಡು ಬಿಚ್ಚೋದೇ ಸೀಸನ್ ನೋಡ್ಕೊಂಡು, ತೋಟ ಇದ್ರೆ ಕಾಫಿ ಮಾರಿದ್ಮೇಲೆ.

ಲೈಸೆನ್ಸ್ ತಗೊಳ್ಳೋದು

ಹಂಗಂತ ಇದು ಪೂರ್ತಿ ನೆಮ್ಮದಿ ದಾರಿ ಅಲ್ಲ. ಡೆಲ್ ಮತ್ತೆ ವಿಎಂವೇರ್ (ಒಂದೇ ಸರ್ವರನ್ನ ಹಲವು ಸರ್ವರ್ ಥರ ಓಡಿಸೋ ಸಾಫ್ಟ್‌ವೇರ್ ಕಂಪನಿ) ನೋಡಿ. 2016ರಲ್ಲಿ ಡೆಲ್ ಸುಮಾರು 6700 ಕೋಟಿ ಡಾಲರ್ ವ್ಯವಹಾರದಲ್ಲಿ ಡೇಟಾ ಸ್ಟೋರೇಜ್ ಕಂಪನಿ ಇಎಂಸಿನ ತಗೊಂಡಾಗ ವಿಎಂವೇರ್‌ನ ಬಹುಪಾಲು ಷೇರು ಕೈಗೆ ಬಂತು. ಆ ವಿಎಂವೇರ್ 2012ರಲ್ಲೇ ನಿಸಿರಾ ಅನ್ನೋ ನೆಟ್‌ವರ್ಕ್ ಸಾಫ್ಟ್‌ವೇರ್ ಕಂಪನಿನ ಕೊಂಡಿತ್ತು. ವಿಎಂವೇರ್ ಎಲ್ಲರ ಸರ್ವರ್ ಮೇಲೂ ಓಡ್ಬೇಕು ಅಂತ ಡೆಲ್ ಅದನ್ನ ಬೇರೆ ಕಂಪನಿಯಾಗೇ ಬಿಟ್ಟಿತ್ತು, ಕೊನೆಗೆ 2021ರ ನವೆಂಬರ್‌ನಲ್ಲಿ ಬೇರೆ ಮಾಡ್ಬಿಟ್ರು, ಒಪ್ಪಂದದ ಮೇಲೆ ಡೆಲ್ ಅದನ್ನ ಮಾರೋದು ಮುಂದುವರೀತು. ಸರೀನೇ ಇತ್ತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಬಂದು ವಿಎಂವೇರ್‌ನ ತಗೊಳ್ತು, ಒಂದ್ಸಲ ದುಡ್ಡು ಕೊಟ್ರೆ ಕೊನೇತನಕ ಇರ್ತಿದ್ದ ಲೈಸೆನ್ಸ್ ಮಾರೋದು ನಿಲ್ಸಿ ವರ್ಷಕ್ಕಿಷ್ಟು ಅಂತ ಮಾಡ್ತು. ಡೆಲ್‌ನೋರು 2024ರ ಜನವರೀಲಿ ಹಳೇ ಒಪ್ಪಂದ ಮುರ್ಕೊಂಡ್ರು.

ಅಂದ್ರೆ ಲೈಸೆನ್ಸ್ ದಾರೀಲಿ ಭಯ ಇರೋದು ಒಂದೇ, ನಮ್ಮ ಪಾರ್ಟ್‌ನರ್‌ನ ನಾಳೆ ಇನ್ಯಾರೋ ಕೊಂಡ್ಕೊಂಡ್ರೆ. ಇದಕ್ಕೆ ಮದ್ದು ಕಾಗದದಲ್ಲೇ ಇದೆ, ಕೊನೇಲಿ ಹೇಳ್ತೀನಿ.

ಓಪನ್ ಸೋರ್ಸ್ ಇಟ್ಕೊಂಡು ನಾವೇ ಮಾಡ್ಕೊಳ್ಳೋದು

ಫೈರ್‌ವಾಲ್‌ಗೆ (ಹೊರಗಿನ ಕಳ್ಳರನ್ನ ತಡೆಯೋಕೆ) ಓಪನ್‌ಸೆನ್ಸ್ ಇದೆ, ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಇದೆ, ಲಾಗಿನ್ ಚೆಕ್ ಮಾಡೋಕೆ ಫ್ರೀರೇಡಿಯಸ್ ಇದೆ, ಎಲ್ಲಾ ಫ್ರೀ. ಹಾಸನದ ಮಲ್ನಾಡ್ ಕಾಲೇಜಲ್ಲೋ ಚಿಕ್ಕಮಗಳೂರಿನ ಎಐಟೀಲೋ ಓದಿದ ಒಳ್ಳೇ ಹುಡುಗ ಒಬ್ಬ ಸಿಕ್ಕಿದ್ರೆ ಎರಡು ಮೂರು ತಿಂಗಳಲ್ಲಿ ಓಡೋ ಹಂಗೆ ನಿಲ್ಲಿಸ್ತಾನೆ. ಆಮೇಲೆ ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಗುತ್ತೆ. ಅಲ್ಲಿಗೆ ಪಾಸ್‌ವರ್ಡ್ ಗೊತ್ತಿರೋರು ಯಾರೂ ಇರಲ್ಲ. ಒಬ್ಬನೇ ಇರೋ ಕಡೆ ಈ ದಾರಿ ಬೇಡ, ಸ್ವಂತ ಗಿರಾಕಿಗಳು ಹತ್ತಿಪ್ಪತ್ತು ಮಾತ್ರ ಇದ್ರೆ, ಓಟಿಪಿ ಎಲ್ಲಾ ಬೇಡ ಬರೀ ಫೈರ್‌ವಾಲ್ ಸಾಕು ಅಂದ್ರೆ ಮಾಡ್ಬಹುದು.

ಪಾಲು ತಗೊಳ್ಳೋ ವಿಷಯ ಎರಡೇ ಮಾತು: ಸೂಸೆ ವ್ಯವಹಾರದ ಟೈಮಲ್ಲಿ ಐಬಿಎಂ ನೊವೆಲ್‌ಗೆ 5 ಕೋಟಿ ಡಾಲರ್ ಹಾಕಿತ್ತು, ಪೂರ್ತಿ ಕೊಳ್ಳೋ ತಂಟೆಗೆ ಹೋಗ್ಲಿಲ್ಲ, ಬೇಕಾಗಿದ್ದು ಸೂಸೆ ಬದುಕಿರೋದು ಅಷ್ಟೇ. ನಿಮಗೂ ಬೇಕಾಗಿರೋದು ಅಷ್ಟೇನಾ ನೋಡ್ಕೊಳ್ಳಿ. ಆದ್ರೆ ಸಣ್ಣ ಕಂಪನೀಲಿ 10-15% ಇಟ್ಕೊಂಡೋರ ಮಾತನ್ನ ಯಾರೂ ಕೇಳಲ್ಲ ಅನ್ನೋದೂ ಗೊತ್ತಿರ್ಲಿ.

ಇಲ್ಲ, ಕೊಂಡೇ ತೀರ್ತೀನಿ ಅನ್ನೋರಿಗೆ

ಮೊದ್ಲು ಕೋಡ್ ಯಾರದು ಅಂತ ನೋಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಂಬಳದ ಕೆಲಸಗಾರ ಡ್ಯೂಟೀಲಿ ಬರೆದದ್ದು, ಬೇರೆ ಒಪ್ಪಂದ ಇಲ್ದಿದ್ರೆ, ಮಾಲೀಕಂದು. ಆದ್ರೆ ಹೊರಗಿನ ಫ್ರೀಲಾನ್ಸರ್ ಬರೆದುಕೊಟ್ಟಿದ್ದು ದುಡ್ಡು ಕೊಟ್ಟ ಮಾತ್ರಕ್ಕೆ ಕಂಪನಿದಾಗಲ್ಲ, ಬರವಣಿಗೇಲಿ ಹಕ್ಕು ವರ್ಗಾವಣೆ ಆಗಿರ್ಬೇಕು. ಅದ್ರಲ್ಲೂ ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲ ಅಂದ್ರೆ 5 ವರ್ಷ ಅಂತ ಲೆಕ್ಕ, ಎಲ್ಲೆಲ್ಲಿಗೆ ಅಂತ ಬರೆದಿಲ್ಲ ಅಂದ್ರೆ ಭಾರತಕ್ಕೆ ಮಾತ್ರ. ಸಣ್ಣ ಟೀಮ್‌ಗಳಲ್ಲಿ ಓಟಿಪಿ ಭಾಗ ಒಬ್ಬ ಫ್ರೆಂಡ್ ಬರೆದಿರ್ತಾನೆ, ಆಂಡ್ರಾಯ್ಡ್ ಆಪ್ ಇನ್ನೊಬ್ಬ ಮಾಡಿರ್ತಾನೆ, ಎಲ್ಲಾ ಬಾಯಿ ಮಾತಲ್ಲೇ. ಕೊಂಡ್ಕೊಳ್ಳೋಕೆ ಮುಂಚೆ ಅವ್ರೆಲ್ಲರ ಹತ್ರ ಸಹಿ ಹಾಕಿಸ್ಬೇಕು, ದುಡ್ಡು ಕೊಟ್ಮೇಲೆ ಕೇಳೋಕೆ ಹೋದ್ರೆ ರೇಟ್ ಬೇರೆ.

ಎರಡ್ನೇದು ಜಿಪಿಎಲ್, ಅಂದ್ರೆ ಓಪನ್ ಸೋರ್ಸ್ ಕೋಡ್ ಜೊತೆ ಬರೋ ಒಂದು ಲೈಸೆನ್ಸ್ ಷರತ್ತು, ಇದನ್ನ ಹಾರ್ಡ್‌ವೇರ್‌ನೋರು ಗಮನಿಸೋದೇ ಇಲ್ಲ. ಫ್ರೀರೇಡಿಯಸ್ ಥರದ ಜಿಪಿಎಲ್ ಕೋಡನ್ನ ಹುಡುಗ್ರು ತಮ್ಮ ಕ್ಲೌಡ್ ಸರ್ವರಲ್ಲಿ ಓಡಿಸ್ಕೊಂಡಿದ್ರೆ ಸೋರ್ಸ್ ಯಾರಿಗೂ ಕೊಡೋ ಬಾಧ್ಯತೆ ಇರಲ್ಲ. ಅದನ್ನೇ ನೀವು ಡಬ್ಬದೊಳಗೆ ಹಾಕಿ ಮಾರಿದ ತಕ್ಷಣ ಹಂಚಿದ ಹಂಗಾಯ್ತು, ಡಬ್ಬ ಕೊಂಡೋರಿಗೆ ಆ ಭಾಗದ ಸೋರ್ಸ್ ಕೊಡ್ಲೇಬೇಕು, ನೀವು ಮಾಡಿದ ಬದಲಾವಣೆನೂ ಸೇರಿಸಿ. ಅಂದ್ರೆ ಅವ್ರ ಕೈಲಿದ್ದಾಗ ಇಲ್ಲದ ತೊಂದ್ರೆ ನಿಮ್ಮ ಕೈಗೆ ಬಂದ ಮೇಲೆ ಹುಟ್ಟುತ್ತೆ. 2003ರಲ್ಲಿ ಸಿಸ್ಕೋ ಸುಮಾರು 50 ಕೋಟಿ ಡಾಲರ್‌ಗೆ ಲಿಂಕ್ಸಿಸ್ ತಗೊಂಡಾಗ ಅದ್ರ ಜೊತೆ ಡಬ್ಲ್ಯುಆರ್‌ಟಿ54ಜಿ ರೂಟರ್ ಒಳಗಿನ ಲಿನಕ್ಸ್ ತಕರಾರೂ ಬಂತು, ಜನ ಗಲಾಟೆ ಮಾಡಿ ಸೋರ್ಸ್ ಹೊರಗೆ ತರಿಸಿದ್ರು, ಅದ್ರಿಂದಾನೇ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ್ದು. ಊರಿಗೆ ಲಾಭ ಆಯ್ತು ಬಿಡಿ. ಸಿಸ್ಕೋ ಮೇಲೆ ಮಾತ್ರ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರಲ್ಲಿ ಕೇಸ್ ಹಾಕ್ತು, 2009ರಲ್ಲಿ ರಾಜಿ ಆಯ್ತು, 2013ರಲ್ಲಿ ಲಿಂಕ್ಸಿಸ್ ಬೆಲ್ಕಿನ್‌ಗೆ ಹೋಯ್ತು.

ಹುಡುಗ್ರನ್ನ ಉಳಿಸ್ಕೊಳ್ಳೋದು ಹೆಂಗೆ? 'ಬಿಟ್ಟೋದ್ರೆ ಮೂರು ವರ್ಷ ಇದೇ ಕೆಲಸ ಮಾಡ್ಬಾರ್ದು' ಅಂತ ಬರೀ ಉದ್ಯೋಗದ ಕಾಗದದಲ್ಲಿ ಬರೆಸ್ಕೊಂಡ್ರೆ 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅದು ಕೋರ್ಟಲ್ಲಿ ನಿಲ್ಲಲ್ಲ. ಆದ್ರೆ ವ್ಯಾಪಾರದ ಗುಡ್‌ವಿಲ್ (ಹೆಸರು, ಗಿರಾಕಿಗಳ ನಂಬಿಕೆ) ಮಾರಿದವನ ಮೇಲೆ ನ್ಯಾಯವಾದ ಮಿತಿಯೊಳಗೆ ಅಂಥ ಷರತ್ತು ಹಾಕ್ಬಹುದು ಅಂತ ಅದೇ ಸೆಕ್ಷನ್ನಲ್ಲಿ ವಿನಾಯ್ತಿ ಇದೆ. ಹಂಗಾಗಿ ಆ ಷರತ್ತು ಮಾರಾಟದ ಕರಾರಲ್ಲಿ ಇರ್ಬೇಕು, ಅಪಾಯಿಂಟ್‌ಮೆಂಟ್ ಆರ್ಡರಲ್ಲಲ್ಲ. ಅದಕ್ಕಿಂತ ಒಳ್ಳೇ ದಾರಿ ದುಡ್ಡನ್ನ ಒಂದೇ ಸಲ ಕೊಡದೆ ಅರ್ಧ ಈಗ, ಉಳಿದದ್ದು ಗಿರಾಕಿಗಳು ಉಳಿದಷ್ಟು ಎರಡು ವರ್ಷದಲ್ಲಿ ಅಂತ ಮಾಡೋದು.

ಇನ್ನು ಡೇಟಾ. ಲಾಗಿನ್ ಆದೋರ ಮೊಬೈಲ್ ನಂಬರ್ ಎಲ್ಲಾ ಆ ಸರ್ವರಲ್ಲಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದ ಪ್ರಕಾರ ಲಾಗ್‌ಗಳನ್ನ (ಸಿಸ್ಟಮ್‌ನಲ್ಲಿ ಯಾವಾಗ ಏನಾಯ್ತು ಅನ್ನೋ ದಾಖಲೆ) 180 ದಿನ ದೇಶದೊಳಗೇ ಇಟ್ಟಿರ್ಬೇಕು, ಹ್ಯಾಕ್ ಥರ ಏನಾದ್ರೂ ಆದ್ರೆ 6 ಗಂಟೆಯೊಳಗೆ ತಿಳಿಸ್ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೇಲಿ ಭದ್ರತೆ ತಪ್ಪಿದ್ರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗ್ಬಹುದು. ಲೈಸೆನ್ಸ್ ತಗೊಂಡ್ರೆ ಇದು ಬಹುಪಾಲು ಸಾಫ್ಟ್‌ವೇರ್‌ನೋರು ಮತ್ತೆ ಹೋಮ್‌ಸ್ಟೇಯೋರ ತಲೆನೋವು, ಕಂಪನಿ ಕೊಂಡ್ರೆ ನಿಮ್ಮದೂ.

ಹಂಗಾದ್ರೆ ಯಾರಿಗೆ ಯಾವುದು

ವರ್ಷಕ್ಕೆ ನೂರಾರು ಡಬ್ಬ ನೀವೇ ಮಾರ್ತೀರಾ, ಆ ಸಾಫ್ಟ್‌ವೇರ್‌ನ ಆದಾಯದಲ್ಲಿ ಮುಕ್ಕಾಲು ಪಾಲು ನಿಮ್ಮಿಂದಾನೇ ಹೋಗ್ತಿದ್ಯಾ, ಹಂಗಿದ್ರೆ ಕೊಂಡ್ಕೊಳ್ಳಿ, ಬೇರೆಯೋರ ನಂಬಿಕೆ ಕಳ್ಕೊಳ್ಳೋ ಮಾತೇ ಅಲ್ಲಿ ಇಲ್ಲ. ಹತ್ತಿಪ್ಪತ್ತು ಗಿರಾಕಿ, ಬರೀ ಫೈರ್‌ವಾಲ್ ಅಂದ್ರೆ ಓಪನ್‌ಸೆನ್ಸ್. ಮಧ್ಯದಲ್ಲಿರೋರಿಗೆಲ್ಲಾ, ನಮ್ಮ ಹಾಸನದ ಅಣ್ಣನೂ ಸೇರಿಸಿ, ಲೈಸೆನ್ಸೇ ಸರಿ ಅಂತ ನನ್ನ ಅಭಿಪ್ರಾಯ.

ಲೈಸೆನ್ಸ್ ಕರಾರಲ್ಲಿ ಮೂರು ಷರತ್ತು ಬಿಡ್ಬೇಡಿ. ಸೋರ್ಸ್ ಕೋಡು ಮೂರನೇಯವ್ರ ಹತ್ರ ಎಸ್ಕ್ರೋದಲ್ಲಿ, ಅಂದ್ರೆ ಅಡವಿಟ್ಟ ಹಂಗೆ ಭದ್ರವಾಗಿ, ಇರ್ಬೇಕು, ಕಂಪನಿ ಮುಚ್ಚಿದ್ರೆ ಇಲ್ಲ ಇಷ್ಟು ದಿನ ಸಪೋರ್ಟ್ ಕೊಡದೇ ಇದ್ರೆ ಅದು ನಿಮಗೆ ಬರ್ಬೇಕು, ಮತ್ತೆ ಪ್ರತಿ ವರ್ಷನ್‌ಗೂ ಅದನ್ನ ಹೊಸದು ಮಾಡ್ತಿರ್ಬೇಕು, ಇಲ್ದಿದ್ರೆ ಬೇಕಾದಾಗ ನಾಕು ವರ್ಷದ ಹಳೇ ಕೋಡ್ ಸಿಗುತ್ತೆ. ಕಂಪನಿ ಬೇರೆಯೋರಿಗೆ ಮಾರಾಟ ಆದ್ರೂ ಈಗಾಗ್ಲೇ ಮಾರಿದ ಡಬ್ಬಗಳಿಗೆ ಅದೇ ರೇಟಲ್ಲಿ ಕನಿಷ್ಠ ಮೂರು ವರ್ಷ ಅಪ್‌ಡೇಟ್ ಬರ್ಬೇಕು. ಮತ್ತೆ ಯಾರಾದ್ರೂ ಕೊಂಡ್ಕೊಳ್ಳೋಕೆ ಬಂದ್ರೆ ಆ ಬೆಲೆ ಮೊದ್ಲು ನಿಮಗೆ ತಿಳಿಸಿ, 30 ದಿನದೊಳಗೆ ಅದೇ ಬೆಲೆಗೆ ಕೊಳ್ಳೋ ಅವಕಾಶ ನಿಮಗೆ ಕೊಡ್ಬೇಕು. ಆ 30 ದಿನದಲ್ಲಿ ಬ್ಯಾಂಕಿನೋರು ಸಾಲ ಮಂಜೂರು ಮಾಡ್ತಾರಾ ಅಂತ ಕರಾರಿಗೆ ಸಹಿ ಹಾಕೋಕೆ ಮುಂಚೆನೇ ಮ್ಯಾನೇಜರ್ ಹತ್ರ ಕೇಳಿಟ್ಕೊಳ್ಳಿ, ಆಗಲ್ಲ ಅಂದ್ರೆ 60 ದಿನ ಅಂತ ಬರೆಸಿ.